1.2 ಮೀಟರ್ ಹೋಸಿಗೆ 12.5 ಮೀಟರ್ ಲೆಕ್ಕ: ಮೆಟ್ಟಿಲ ಗೋಡೆಯ ಮೇಲೆ ಒಂದು ಪರೀಕ್ಷೆ

ಔಟರ್ ರಿಂಗ್ ರೋಡಿನ ಒಂದು ಆಫೀಸಿನಲ್ಲಿ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಸೀಲಿಂಗಿನಿಂದ ನೀರು ಚಿಮ್ಮಿಸುವ ಸಾಧನ) ಕೆಲಸ ನಮ್ಮದು. ಆರನೇ ಮಹಡಿ, ಹೊಸ ಫಾಲ್ಸ್ ಸೀಲಿಂಗ್. ಬ್ರಾಂಚ್ ಲೈನಿನಿಂದ (ಸ್ಪ್ರಿಂಕ್ಲರುಗಳಿಗೆ ನೀರು ಹಂಚುವ ಪೈಪು) ಪ್ರತಿ ಸ್ಪ್ರಿಂಕ್ಲರಿಗೂ ಒಂದಿಂಚಿನ ಎಂಎಸ್ (ಉಕ್ಕಿನ) ಪೈಪ್ ಇಳಿಸಬೇಕು ಅಂತ ಡ್ರಾಯಿಂಗಿನಲ್ಲಿತ್ತು. ಸೈಟಿನಲ್ಲಿ ಹಾಕಿದ್ದು ಫ್ಲೆಕ್ಸಿಬಲ್ ಹೋಸ್. ಸ್ಪ್ರಿಂಕ್ಲರ್ ಟೈಲಿನ ನಟ್ಟನಡುವೆ ಬರಬೇಕು ಅಂತ ಇಂಟೀರಿಯರ್ ನವರು ಹಟ ಹಿಡಿದಿದ್ದರು. ಪೈಪ್ ಆದರೆ ಅಳೆದು, ಕತ್ತರಿಸಿ, ತ್ರೆಡ್ ಹಾಕಿ, ಮತ್ತೆ ಅರ್ಧ ಇಂಚು ಆಚೀಚೆ ಆಗಿ, ಮತ್ತೆ ಕತ್ತರಿಸಿ... ಹೋಸ್ ಆದರೆ ಹತ್ತು ನಿಮಿಷದ ಕೆಲಸ. ಎಲ್ಲರಿಗೂ ಖುಷಿ.

ನಮ್ಮ ನೀರಿನ ಒತ್ತಡದ ಲೆಕ್ಕ ಪರಿಶೀಲಿಸುವವರಿಂದ ಒಂದೇ ಸಾಲಿನ ಪ್ರಶ್ನೆ ಬಂತು: ಹೋಸಿನ ಒತ್ತಡ ನಷ್ಟ ಎಲ್ಲಿ ಹಿಡಿದಿದ್ದೀರಿ?

ಹಿಡಿದೇ ಇರಲಿಲ್ಲ. ತಪ್ಪು ನನ್ನದೇ. ಹೋಸ್ 1.2 ಮೀಟರ್ ಉದ್ದ ಇದೆ, ಪೈಪೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಅದಕ್ಕೇ ಲೆಕ್ಕವನ್ನು ಹಾಗೇ ಬಿಟ್ಟಿದ್ದೆ. ಇನ್ನೂ ನಾಚಿಕೆಯ ಮಾತು ಅಂದರೆ, ಪ್ರಶ್ನೆ ಬಂದ ಮೇಲೂ ಮೊದಲು ಮಾಡಿದ್ದು ಒಂದು ಜಾಣತನ. ಸ್ಟೇನ್‌ಲೆಸ್ ಸ್ಟೀಲ್ ನುಣುಪು ಅಲ್ವಾ ಅಂದುಕೊಂಡು ಸೂತ್ರದಲ್ಲಿ ಪೈಪಿನ ನುಣುಪು ಸೂಚಿಸುವ ಸಿ ಬೆಲೆಯನ್ನು 120ರಿಂದ 150ಕ್ಕೆ ಏರಿಸಿದೆ. ನಷ್ಟ ಇನ್ನೂ ಕಡಿಮೆಯಾಯಿತು!

ಆಮೇಲೆ ಹೋಸಿನ ಡೇಟಾ ಶೀಟ್ ತೆಗೆದು ನೋಡಿದೆ. 1200 ಎಂಎಂ ಹೋಸ್, ಅರ್ಧ ಇಂಚಿನ ಔಟ್‌ಲೆಟ್, ಮೂರು ಬಾಗು: ಈಕ್ವಿವೆಲೆಂಟ್ ಲೆಂಗ್ತ್ (ಸಮ ಉದ್ದ) 12.5 ಮೀಟರ್. ಅಂದರೆ ಈ ಹೋಸಿನಲ್ಲಿ ಹೋಗುವ ಒತ್ತಡ, ಹನ್ನೆರಡೂವರೆ ಮೀಟರ್ ಉದ್ದದ ಒಂದಿಂಚಿನ ಶೆಡ್ಯೂಲ್ 40 (ಗೋಡೆ ದಪ್ಪದ ಒಂದು ದರ್ಜೆ) ಪೈಪಿನಲ್ಲಿ ಹೋಗುವಷ್ಟು. ಹತ್ತು ಪಟ್ಟು! ನಾನು ನಂಬಲಿಲ್ಲ. ಕಂಪನಿಯವರು ಸೇಫ್ಟಿಗೆ ಅಂತ ಜಾಸ್ತಿ ಬರೆದಿರಬೇಕು ಅಂದುಕೊಂಡೆ. ಪರೀಕ್ಷೆ ಮಾಡಿಯೇ ನೋಡೋಣ ಅಂತ ಹೊರಟೆ.

ಮೊದಲು ಒಂದು ಹೋಸ್ ಕೊಯ್ದೆ

ಸೈಟಿನಲ್ಲಿ ಯಾರೋ ಏಣಿ ಊರಿ ಜಜ್ಜಿದ ಹೋಸ್ ಒಂದಿತ್ತು. ಪೀಣ್ಯದ ವರ್ಕ್‌ಶಾಪಿಗೆ ತಂದು ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿದೆವು. ಹೊರಗೆ ತಂತಿಯ ಹೆಣಿಗೆ. ಅದರೊಳಗೆ ಅಲೆ ಅಲೆಯಾದ ತೆಳು ಸ್ಟೀಲ್ ಕೊಳವೆ. ನುಣುಪಾಗಿರುವುದು ಲೋಹ, ದಾರಿ ಅಲ್ಲ. ನೀರು ಪ್ರತಿ ಅಲೆಯ ಅಂಚಿಗೂ ತಾಗಿ, ಪ್ರತಿ ಹಳ್ಳದಲ್ಲೂ ಸುತ್ತಿ ಮುಂದೆ ಹೋಗಬೇಕು.

ವರ್ನಿಯರ್ ಹಿಡಿದೆ. ಅಲೆಯ ಅಂಚುಗಳ ನಡುವೆ ತೆರೆದಿರುವ ಜಾಗ 20 ಎಂಎಂ. ಎರಡೂ ತುದಿಯ ನಟ್ ನೋಡಿ ನಾವು ಇದನ್ನು ಒಂದಿಂಚಿನ ಹೋಸ್ ಅಂತಿದ್ದೆವು. ಶೆಡ್ಯೂಲ್ 40ರ ಒಂದಿಂಚಿನ ಪೈಪಿನ ಒಳವ್ಯಾಸ 26.6 ಎಂಎಂ.

ನಾವೆಲ್ಲ ಬಳಸುವ ಹೇಜನ್-ವಿಲಿಯಮ್ಸ್ ಸೂತ್ರ ಹೀಗಿದೆ:

ಮೀಟರಿಗೆ ನಷ್ಟ (ಬಾರ್) = 6,05,000 × ಹರಿವು^1.85 ÷ (ಸಿ^1.85 × ಒಳವ್ಯಾಸ^4.87)

ಹರಿವು ನಿಮಿಷಕ್ಕೆ ಲೀಟರಿನಲ್ಲಿ, ವ್ಯಾಸ ಎಂಎಂನಲ್ಲಿ. ನೀರು ತುಂಬಿರುವ ಎಂಎಸ್ ಪೈಪಿಗೆ ಸಿ 120. ಕಣ್ಣಿಡಬೇಕಾದ್ದು ಆ 4.87ರ ಮೇಲೆ. 26.6 ಇದ್ದದ್ದು 20 ಆದರೆ ನಷ್ಟ ನಾಲ್ಕು ಪಟ್ಟು. ಅಂದರೆ ಬರೀ ವ್ಯಾಸ ಕಿರಿದಾದ್ದಕ್ಕೇ 1.2 ಮೀಟರ್ ಹೋಸು 4.8 ಮೀಟರ್ ಪೈಪಿಗೆ ಸಮವಾಯಿತು. ಅಲೆಗಳ ಲೆಕ್ಕ, ಬಾಗುಗಳ ಲೆಕ್ಕ ಇನ್ನೂ ಬಂದೇ ಇಲ್ಲ. ಇಲ್ಲಿಗೇ ನನ್ನ ಅನುಮಾನ ಅರ್ಧ ಕರಗಿತ್ತು. ಆದರೂ ಬೆಂಚಿಗೆ ಸಾಮಾನು ಆಗಲೇ ತಂದಾಗಿತ್ತು.

ಬೆಂಚು

ಒಂದು ಎಚ್‌ಪಿ ಮಾನೋಬ್ಲಾಕ್ ಪಂಪು. 200 ಲೀಟರಿನ ಎರಡು ಡ್ರಮ್ಮು: ಒಂದರಿಂದ ಎಳೆಯುವುದು, ಇನ್ನೊಂದಕ್ಕೆ ಬಿಡುವುದು. ಪಂಪಿನ ಮುಂದೆ ಗೇಟ್ ವಾಲ್ವ್. ಅದರ ಮುಂದೆ ಒಂದು ಮೀಟರ್ ನೇರ ಒಂದಿಂಚಿನ ಪೈಪು. ಅದರ ಕೊನೆಯ ಹತ್ತಿರ ಒತ್ತಡ ನೋಡಲು 3 ಎಂಎಂ ತೂತು, ಅದಕ್ಕೊಂದು ಸಣ್ಣ ಹಿತ್ತಾಳೆ ಕಾಕ್. ಅಲ್ಲಿಂದ ಮುಂದೆ ಪರೀಕ್ಷೆಯ ಹೋಸು. ಎಲ್ಲ ಒಂದೇ ಮಟ್ಟದಲ್ಲಿ ಟೇಬಲ್ ಮೇಲೆ ಮಲಗಿಸಿದ್ದು.

ಹರಿವು ಅಳೆಯುವುದು ಸುಲಭ. ಎರಡನೇ ಡ್ರಮ್ಮಿನಲ್ಲಿ 100 ಲೀಟರಿಗೆ ಗೆರೆ ಹಾಕಿದೆವು. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ 100 ಸೆಕೆಂಡಿಗೆ ಗೆರೆ ಮುಟ್ಟಿದರೆ ನಿಮಿಷಕ್ಕೆ 60 ಲೀಟರ್.

ಒತ್ತಡ ಅಳೆಯುವುದೇ ತಲೆನೋವಾಯಿತು. ನಮ್ಮ ಹತ್ತಿರ ಇರುವ ಗೇಜುಗಳೆಲ್ಲ 0-16 ಬಾರ್. ಸೋರಿಕೆ ನೋಡುವ ಹೈಡ್ರೋ ಟೆಸ್ಟಿಗೆ ಅವು ಸರಿ. ನಾನು ನೋಡಬೇಕಾದದ್ದು 0.2 ಬಾರಿನ ವ್ಯತ್ಯಾಸ. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವುದೇ ಗೊತ್ತಾಗಲಿಲ್ಲ.

ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ನಡೆದಿತ್ತು. ಮೇಸ್ತ್ರಿ ನೀರು ತುಂಬಿದ ಪಾರದರ್ಶಕ ಲೆವೆಲ್ ಟ್ಯೂಬ್ ಹಿಡಿದು ಪ್ಲಿಂತ್ ಮಟ್ಟ ನೋಡುತ್ತಿದ್ದರು. ನಮ್ಮ ಫಿಟ್ಟರ್ ಅದನ್ನೇ ನೋಡುತ್ತಾ ನಿಂತು, "ಸಾರ್, ಒತ್ತಡ ಅಂದ್ರೆ ನೀರು ಎಷ್ಟು ಎತ್ತರ ಏರತ್ತೆ ಅನ್ನೋದೇ ತಾನೆ?" ಅಂದ.

ತಾನೆ! ಒಂದು ಬಾರ್ ಅಂದರೆ 10.2 ಮೀಟರ್ ನೀರು. 0.2 ಬಾರ್ ಅಂದರೆ ಎರಡು ಮೀಟರ್. ಗೇಜಿನ ಮೇಲೆ ಕೂದಲೆಳೆಯಷ್ಟು ಕಾಣುವುದು ಟ್ಯೂಬಿನಲ್ಲಿ ಮನುಷ್ಯನಿಗಿಂತ ಎತ್ತರ ಕಾಣುತ್ತದೆ. ಮೇಸ್ತ್ರಿಯಿಂದ ಟ್ಯೂಬ್ ಕಡ ತಂದೆವು. ಒಂದು ತುದಿ ಹಿತ್ತಾಳೆ ಕಾಕಿಗೆ, ಇನ್ನೊಂದು ತುದಿ ಮೆಟ್ಟಿಲ ಗೋಡೆಗುಂಟ ತಾರಸಿಯವರೆಗೆ. ಹೋಸಿನ ಬಾಯಿಯ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ನೀರು ಕಾಣಲಿ ಅಂತ ಮೇಲಿನಿಂದ ಬಟ್ಟೆಗೆ ಹಾಕುವ ನೀಲಿ ನಾಲ್ಕು ತೊಟ್ಟು ಬಿಟ್ಟೆವು.

ಇದನ್ನು ಮಾಡಿ ನೋಡುವವರಿಗೆ ಎರಡು ಮಾತು. ತೂತು ಕೊರೆದ ಮೇಲೆ ಪೈಪಿನ ಒಳಗಡೆ ಏಳುವ ಲೋಹದ ಚೂಪು ಅಂಚನ್ನು (ಬರ್) ಅರದಿಂದ ಉಜ್ಜಿ ತೆಗೆಯಲೇಬೇಕು. ನಾವು ಮೊದಲು ತೆಗೆದಿರಲಿಲ್ಲ. ತೆಗೆದ ಮೇಲೆ ಅದೇ ಹರಿವಿಗೆ ಮಟ್ಟ ಒಂದು ಗೇಣು ಬದಲಾಯಿತು. ಇನ್ನೊಂದು, ಟ್ಯೂಬಿನಲ್ಲಿ ಒಂದೇ ಒಂದು ಗುಳ್ಳೆ ಸಿಕ್ಕಿಕೊಂಡರೂ ಓದಿದ್ದೆಲ್ಲ ಸುಳ್ಳು. ಪಂಪು ಓಡುವಾಗ ಮಟ್ಟ ಮೇಲೆ ಕೆಳಗೆ ಕುಣಿಯುತ್ತದೆ. ಕಾಕನ್ನು ಮುಕ್ಕಾಲು ಮುಚ್ಚಿದರೆ ಕುಣಿತ ನಿಲ್ಲುತ್ತದೆ, ಓದು ಬದಲಾಗುವುದಿಲ್ಲ, ಸ್ವಲ್ಪ ಕಾಯಬೇಕು ಅಷ್ಟೆ.

ಕ್ಯಾಟಲಾಗ್ ಸುಳ್ಳು ಅಂತ ಕುಣಿದ ದಿನ

ಮೊದಲ ಶನಿವಾರ ಹೋಸನ್ನು ಮೂರು ಕಡೆ ಬಾಗಿಸಿ ಕೂರಿಸಿದೆವು. ಹರಿವು 60 ಲೀಟರಿಗೆ ನಿಲ್ಲಿಸಿದೆವು. ನೀಲಿ ನೀರು 4.27 ಮೀಟರಿಗೆ ನಿಂತಿತು.

ಲೆಕ್ಕ ಹಾಕಿದೆ. 60 ಲೀಟರ್ ಹರಿವಿಗೆ ಒಂದಿಂಚಿನ ಪೈಪಿನಲ್ಲಿ ಮೀಟರಿಗೆ 0.0193 ಬಾರ್, ಅಂದರೆ 0.197 ಮೀಟರ್ ನೀರು. 4.27 ಭಾಗಿಸು 0.197. ಬಂದದ್ದು 21.7 ಮೀಟರ್. ಕ್ಯಾಟಲಾಗಿನಲ್ಲಿ 12.5, ನಮ್ಮದು 21.7! ಕಂಪನಿ ನಮಗೆ ಮೋಸ ಮಾಡಿದೆ ಅಂತ ಆಫೀಸಿಗೆ ಫೋನ್ ಮಾಡಲು ಹೊರಟಿದ್ದೆ.

"ಅಣ್ಣ, ಈ ನಂಬರು ನೋಡಿದ್ರಾ" ಅಂದೆ. ಫಿಟ್ಟರಿಗೆ ನನ್ನ ಉತ್ಸಾಹ ಅಂಟಲಿಲ್ಲ. "ಬರೀ ಪೈಪ್ ಹಾಕಿ ಒಂದ್ಸಲ ನೋಡೋಣ ಸಾರ್" ಅಂದ.

ಹೋಸು ಬಿಚ್ಚಿ ಅಷ್ಟೇ ಉದ್ದದ ಒಂದಿಂಚಿನ ಪೈಪು, ಅದರ ತುದಿಗೆ ಅರ್ಧ ಇಂಚಿನ ರಿಡ್ಯೂಸರ್ ಹಾಕಿದೆವು. ಅದೇ 60 ಲೀಟರ್. ನೀರು 2.15 ಮೀಟರಿಗೆ ನಿಂತಿತು. ಭಾಗಿಸಿದರೆ 10.9 ಮೀಟರ್. ಎದುರಿಗೆ ಇದ್ದದ್ದು 1.2 ಮೀಟರ್ ಪೈಪು! ಅದು ತನಗೆ ತಾನೇ ಹನ್ನೊಂದು ಮೀಟರಿಗೆ ಸಮ ಹೇಗಾದೀತು? ಫೋನ್ ಜೇಬಿಗೆ ಹೋಯಿತು.

ತಪ್ಪು ಬಾಯಿಯಲ್ಲಿತ್ತು. ಅರ್ಧ ಇಂಚಿನ ಬಾಯಿ, ಒಳಗೆ 15 ಎಂಎಂ. ಅದರಿಂದ 60 ಲೀಟರ್ ನೀರು ಸೆಕೆಂಡಿಗೆ 5.7 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ವೇಗ ಕೊಡುವುದಕ್ಕೇ 1.63 ಮೀಟರ್ ನೀರಿನ ಒತ್ತಡ ಬೇಕು. ಅದು ತಿಕ್ಕಾಟದಲ್ಲಿ ಕಳೆದದ್ದಲ್ಲ, ಓಟಕ್ಕೆ ಹೋದದ್ದು. ನಾನು ಎರಡನ್ನೂ ಒಂದೇ ಖಾತೆಗೆ ಬರೆದಿದ್ದೆ. ರಿಡ್ಯೂಸರಿನ ಪಾಲೂ ಅದರಲ್ಲಿ ಸೇರಿತ್ತು.

ಪರಿಹಾರವೂ ಆ ಬರೀ ಪೈಪಿನಲ್ಲೇ ಇತ್ತು. ಬಾಯಿ ಎರಡಕ್ಕೂ ಒಂದೇ, ಹರಿವು ಒಂದೇ. ಹಾಗಾದರೆ ಹೋಸಿನ ಓದಿನಿಂದ ಪೈಪಿನ ಓದು ಕಳೆದರೆ ಬಾಯಿಯ ಪಾಲು ತಾನಾಗಿ ಬಿದ್ದು ಹೋಗುತ್ತದೆ. ಪೈಪು ತಾನೇ ತಿಂದ 0.24 ಮೀಟರನ್ನು ಮತ್ತೆ ಕೂಡಿಸಿಕೊಂಡರಾಯಿತು.

ಎರಡನೇ ಶನಿವಾರ

ನೇರ ಹೋಸು: 3.70 ಮೀಟರ್. ಪೈಪಿನ 2.15 ಕಳೆದು 0.24 ಕೂಡಿಸಿದರೆ 1.79. ಸಮ ಉದ್ದ 9.1 ಮೀಟರ್. ಬಾಗೇ ಇಲ್ಲದೆ ಇಷ್ಟು.

ಎರಡು ಬಾಗು: 4.10. ಸಮ ಉದ್ದ 11.1.

ಮೂರು ಬಾಗು: 4.27. ಸಮ ಉದ್ದ 12.0.

ಕ್ಯಾಟಲಾಗು ಹೇಳಿದ್ದು 12.5. ಲೆವೆಲ್ ಟ್ಯೂಬು, ಡ್ರಮ್ಮು, ಮೊಬೈಲು ಇಟ್ಟುಕೊಂಡು ಇಷ್ಟು ಹತ್ತಿರ ಬಂದದ್ದು ನನಗೇ ಆಶ್ಚರ್ಯ. ನಮ್ಮ ವಿಧಾನ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಅನ್ನುವುದೂ ಸರಿ. ಯಾಕೆಂದರೆ ಬರೀ ಪೈಪಿನ ತುದಿಯಲ್ಲಿ ನೀರು 26ರಿಂದ 15ಕ್ಕೆ ಕಿರಿದಾಗಬೇಕು, ಹೋಸಿನಲ್ಲಿ 20ರಿಂದ 15ಕ್ಕೆ ಅಷ್ಟೆ. ಪೈಪಿನ ಓದು ಆ ಲೆಕ್ಕಕ್ಕೆ ಕೊಂಚ ಜಾಸ್ತಿ ಇದೆ, ನಾನು ಕಳೆದದ್ದೂ ಜಾಸ್ತಿ.

ಆಮೇಲೆ ಬೇಕಂತಲೇ ಒಂದು ಕೆಟ್ಟ ಕೆಲಸ ಮಾಡಿದೆವು. ಸೈಟಿನಲ್ಲಿ ಡಕ್ಟಿನ ಪಕ್ಕ ಜಾಗ ಇಲ್ಲದ ಕಡೆ ಹುಡುಗರು ಹೋಸನ್ನು ಮೊಣಕೈಯಂತೆ ಮಡಚಿ ತುರುಕಿರುತ್ತಾರೆ. ಹಾಗೇ ಶೀಟಿನಲ್ಲಿ ಕೊಟ್ಟ ಕನಿಷ್ಠ ತ್ರಿಜ್ಯಕ್ಕಿಂತ ಬಿಗಿಯಾಗಿ ಒಂದು ಬಾಗನ್ನು ಹಿಂಡಿದೆವು. ನೀರು 4.75ಕ್ಕೆ ಏರಿತು. ಸಮ ಉದ್ದ 14.4. ಲೆಕ್ಕದ ಹಾಳೆಯಲ್ಲಿ ಎಲ್ಲೂ ಕಾಣದ ಎರಡು ಮೀಟರ್ ಪೈಪು ಸೀಲಿಂಗಿನ ಮೇಲೆ ಸುಮ್ನೆ ಸೇರಿಕೊಂಡಂತೆ. ಅದನ್ನು ಬಿಟ್ಟರೂ, ಹಾಗೆ ಮಡಚಿದ ಹೋಸಿಗೆ ಲಿಸ್ಟಿಂಗೇ (ಪರೀಕ್ಷಾ ಸಂಸ್ಥೆಯ ಅನುಮೋದನೆ) ಅನ್ವಯಿಸುವುದಿಲ್ಲ.

ಹರಿವನ್ನು 40ಕ್ಕೆ ಇಳಿಸಿ ಮತ್ತೆ ನೋಡಿದೆ. ಪೈಪು 0.96, ಮೂರು ಬಾಗಿನ ಹೋಸು 1.90. ಸಮ ಉದ್ದ 11.3. ಅದೇ ಹೋಸಿಗೆ 60ರಲ್ಲಿ 12.0 ಇತ್ತು! ಮೊದಲು ನಮ್ಮ ಅಳತೆಯ ತಪ್ಪು ಅಂದುಕೊಂಡೆ. ಮತ್ತೆ ಎರಡು ಸಲ ಅಳೆದರೂ ಅಷ್ಟೇ. ಕಾರಣ ಸೂತ್ರದಲ್ಲೇ ಇದೆ. ಹೇಜನ್-ವಿಲಿಯಮ್ಸ್ ಪ್ರಕಾರ ನಷ್ಟ ಹರಿವಿನ 1.85ನೇ ಘಾತಕ್ಕೆ ಏರುತ್ತದೆ. ಅಲೆ ಅಲೆಯ ಒರಟು ಕೊಳವೆಯಲ್ಲಿ ಅದು ಹೆಚ್ಚುಕಡಿಮೆ ಹರಿವಿನ ವರ್ಗಕ್ಕೆ ಏರುತ್ತದೆ. ಹೀಗಾಗಿ ಸಮ ಉದ್ದ ಅನ್ನುವುದು ಗಟ್ಟಿ ಕಲ್ಲಿನಂಥ ಸಂಖ್ಯೆ ಅಲ್ಲ. ಹರಿವು ಏರಿದಂತೆ ಅದೂ ತುಸು ಏರುತ್ತದೆ. ನಮ್ಮ ಸೈಟಿನ ಹರಿವು 74, ಅಲ್ಲಿಗೆ 12.4 ಆಗುತ್ತದೆ. ಶೀಟಿನ 12.5ರ ಪಕ್ಕಕ್ಕೇ ಬಂತು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಲೆಕ್ಕಕ್ಕೆ ಹಾಕಬೇಕಾದದ್ದು ಶೀಟಿನ ಸಂಖ್ಯೆ, ನನ್ನ ಮೆಟ್ಟಿಲ ಸಂಖ್ಯೆ ಅಲ್ಲ. ಈ ಹೋಸುಗಳನ್ನು ಯುಎಲ್ 2443, ಎಫ್‌ಎಂ 1637 ಅನ್ನುವ ಮಾನದಂಡಗಳ ಪ್ರಕಾರ ಪರೀಕ್ಷೆ ಮಾಡಿರುತ್ತಾರೆ. ಒಂದೇ ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ಕೋಷ್ಟಕ ಇರುತ್ತದೆ: ಬಾಗಿನ ತ್ರಿಜ್ಯ ಬೇರೆ, ಬಾಗಿನ ಎಣಿಕೆ ಬೇರೆ, ಸಮ ಉದ್ದವೂ ಬೇರೆ. ಕಡಿಮೆ ಇರುವುದನ್ನು ಆರಿಸಿಕೊಳ್ಳುವ ಚಪಲ ಬರುತ್ತದೆ. ಪ್ರಾಜೆಕ್ಟಿಗೆ ಯಾವ ಅನುಮೋದನೆ ಬೇಕೋ ಆ ಕೋಷ್ಟಕ ಮಾತ್ರ.

ಮತ್ತೆ ಸೈಟಿನ ಲೆಕ್ಕಕ್ಕೆ

ಸ್ಪ್ರಿಂಕ್ಲರಿಗೆ ನಮ್ಮಲ್ಲಿ ಐಎಸ್ 15105 ಅನ್ನುವ ಭಾರತೀಯ ಮಾನದಂಡ ಇದೆ. ಆದರೆ ಈ ಬಾಡಿಗೆದಾರ ಕಂಪನಿ ಕೇಳಿದ್ದು ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 13. ಅದರಲ್ಲಿ ಆಫೀಸು ಲೈಟ್ ಹಜಾರ್ಡ್, ಅಂದರೆ ಬೆಂಕಿಯ ಅಪಾಯ ಕಡಿಮೆ ಇರುವ ವರ್ಗ. ಚದರ ಮೀಟರಿಗೆ ನಿಮಿಷಕ್ಕೆ 4.1 ಲೀಟರ್, 139 ಚದರ ಮೀಟರಿನ ಮೇಲೆ. ನಮ್ಮ ಒಂದು ಸ್ಪ್ರಿಂಕ್ಲರ್ 18 ಚದರ ಮೀಟರ್ ನೋಡಿಕೊಳ್ಳುತ್ತದೆ. ಹಾಗಾಗಿ ಒಂದೊಂದಕ್ಕೂ 73.8 ಲೀಟರ್, ಒಟ್ಟಿಗೆ ಎಂಟು ತೆರೆದುಕೊಂಡಂತೆ ಲೆಕ್ಕ. ಕೆ 80 (ಒಂದು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಬಿಡುವ) ಸ್ಪ್ರಿಂಕ್ಲರಿನಿಂದ ಅಷ್ಟು ಬರಲು 0.85 ಬಾರ್ ಬೇಕು.

ಹಳೇ ಲೆಕ್ಕದಲ್ಲಿ ಇಳಿಯುವ ಪೈಪು, ಎಲ್ಬೋ ಸೇರಿ 0.05 ಬಾರ್ ಹಿಡಿದಿದ್ದೆ. ಹೋಸಾದರೆ 12.5 × 0.0283 = 0.35 ಬಾರ್. ಬ್ರಾಂಚ್ ಲೈನಿನಲ್ಲಿ ನಿಂತು ನೋಡಿದರೆ ಕೆ 80 ಸ್ಪ್ರಿಂಕ್ಲರ್ ಈಗ ಕೆ 67ರಂತೆ ನಡೆದುಕೊಳ್ಳುತ್ತದೆ. ಫ್ಲೋರಿನ ಕಂಟ್ರೋಲ್ ವಾಲ್ವಿನಲ್ಲಿ ಬೇಕಾದ ಒತ್ತಡ 3.12 ಇದ್ದದ್ದು 3.42 ಆಯಿತು. ಅಲ್ಲಿ ಸಿಗುವುದು 3.40. ಅದೂ ಕನ್ಸಲ್ಟೆಂಟ್ 5 ಶೇಕಡಾ ಉಳಿಕೆ ಬೇಕು ಅಂದಿದ್ದರು. ಫೇಲು.

ಇಲ್ಲಿ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಸಮ ಉದ್ದ ಹೇಳಿರುವುದು ಶೆಡ್ಯೂಲ್ 40 ಪೈಪಿಗೆ. ನಮ್ಮ ಬ್ರಾಂಚ್ ಲೈನು ಐಎಸ್ 1239 ಸಿ ಕ್ಲಾಸ್. ಅದರ ಗೋಡೆ ದಪ್ಪ, ಒಳವ್ಯಾಸ 25.6 ಮಾತ್ರ. ಮೀಟರಿಗೆ ನಷ್ಟ 20 ಶೇಕಡಾ ಜಾಸ್ತಿ. ಸಾಫ್ಟ್‌ವೇರಿನಲ್ಲಿ ಸಿ ಕ್ಲಾಸ್ ಪೈಪು ಆರಿಸಿ ಅದಕ್ಕೇ 12.5 ಮೀಟರ್ ಸೇರಿಸಿದರೆ ನಷ್ಟ 0.42 ತೋರಿಸುತ್ತದೆ. ಸಿ ಕ್ಲಾಸಿಗೆ ಇಳಿಸಿ 10.4 ಮೀಟರ್ ಅಂತ ಕೊಡಬೇಕು, ಇಲ್ಲವೇ ಹೋಸನ್ನು 26.6 ಎಂಎಂ ಪೈಪು ಅಂತ ಬೇರೆಯಾಗಿ ಬರೆಯಬೇಕು. ನಾನು ಎರಡನೆಯದನ್ನು ಮಾಡಿದೆ. ಓದುವವರಿಗೆ ಅದು ಬೇಗ ಅರ್ಥವಾಗುತ್ತದೆ.

ಸರಿಪಡಿಸುವುದು ಹೇಗೆ? ಪಂಪು ಮುಟ್ಟುವಂತಿಲ್ಲ, ಅದು ಕಟ್ಟಡದವರದ್ದು. ಕೆ 115 ಹಾಕಿದರೆ ಹೇಗೆ ಅಂತ ನೋಡಿದೆ. ಎನ್‌ಎಫ್‌ಪಿಎಯ ಕನಿಷ್ಠ 0.48 ಬಾರಿನಲ್ಲೇ ಅದು 80 ಲೀಟರ್ ಕೊಡುತ್ತದೆ. ಅದೇ ಸಮ ಉದ್ದ ಹಿಡಿದರೂ ಬ್ರಾಂಚಿನಲ್ಲಿ 1.20ರ ಬದಲು 0.89 ಬಾರ್ ಸಾಕು. ಮೊದಲೇ ಹೊಳೆದಿದ್ದರೆ ಅದೇ ಸರಿಯಾದ ದಾರಿ. ಆದರೆ ಅದಕ್ಕೆ ಮುಕ್ಕಾಲು ಇಂಚಿನ ಔಟ್‌ಲೆಟ್ ಹೋಸು ಬೇಕು, ಸ್ಪ್ರಿಂಕ್ಲರೂ ಹೊಸದು ಬೇಕು. ತಂದಿಟ್ಟ ಸಾಮಾನು ವಾಪಸ್ ಹೋಗುವುದಿಲ್ಲ.

ಉಳಿದದ್ದು ಹೋಸು ಗಿಡ್ಡ ಮಾಡುವುದು. 700 ಎಂಎಂ ಹೋಸಿನ ಸಮ ಉದ್ದ ಶೀಟಿನಲ್ಲಿ 7.2 ಮೀಟರ್, ನಷ್ಟ 0.20. ಬ್ರಾಂಚ್ ಲೈನಿನಲ್ಲಿ ಔಟ್‌ಲೆಟ್ ಜಾಗ ಬದಲಿಸಿದರೆ 700 ಸಾಕಾಗುತ್ತದೆ. ಎಲ್ಲದಕ್ಕೂ ಬೇಕಿಲ್ಲ. ಲೆಕ್ಕವನ್ನು ಎಳೆಯುವುದು ಬ್ರಾಂಚಿನ ಕಟ್ಟಕಡೆಯ ಸ್ಪ್ರಿಂಕ್ಲರು. ಕೊನೆಯ ಎರಡಕ್ಕೆ 700 ಹಾಕಿ, ಕೊನೆಯ 3.6 ಮೀಟರ್ ಪೈಪನ್ನು 25 ಎಂಎಂನಿಂದ 32ಕ್ಕೆ ಏರಿಸಿದೆ. ಆ ತುಂಡಿನ ನಷ್ಟ 0.12ರಿಂದ 0.03ಕ್ಕೆ ಬಿತ್ತು.

ಗೆದ್ದೆ ಅಂದುಕೊಂಡು ಲೆಕ್ಕ ಓಡಿಸಿದರೆ ಮೂರನೆಯ ಸ್ಪ್ರಿಂಕ್ಲರ್ ಮುಂದೆ ಬಂದು ನಿಂತಿತು. ಅದಕ್ಕೆ ಇನ್ನೂ 1200 ಹೋಸೇ ಇದೆ, ಬೇಕು 1.20 ಬಾರ್. ಅದರ ಹತ್ತಿರ ಬ್ರಾಂಚಿನಲ್ಲಿ ಈಗ ಸಿಗುವುದು 1.19. ಹಿಂದಿನವರ ಕಷ್ಟ ಕಡಿಮೆ ಮಾಡಿದ್ದಕ್ಕೆ ಮುಂದಿನವನು ಬಡವನಾದ! ಅದಕ್ಕೂ 700 ಬರೆದೆ. ನಾಲ್ಕನೆಯದಕ್ಕೆ ತೊಂದರೆ ಬರಲಿಲ್ಲ. ಬೇಕಾದ ಒತ್ತಡ 3.18. ಸಿಗುವುದು 3.40. ಉಳಿಕೆ 6 ಶೇಕಡಾ.

ಈ ಗಲಾಟೆಯಲ್ಲಿ ಒಂದು ಒಳ್ಳೆಯದೂ ಇದೆ. ಹೋಸಿನಲ್ಲಿ ಒತ್ತಡ ಜಾಸ್ತಿ ಹೋಗುವುದರಿಂದ ಹತ್ತಿರದ ಸ್ಪ್ರಿಂಕ್ಲರಿಗೂ ದೂರದ್ದಕ್ಕೂ ನೀರಿನ ವ್ಯತ್ಯಾಸ ಕಡಿಮೆಯಾಗುತ್ತದೆ. ರೈಸರಿನ (ನೀರನ್ನು ಮೇಲೆ ತರುವ ನಿಂತ ಪೈಪು) ಹತ್ತಿರದವು ಅಗತ್ಯಕ್ಕಿಂತ ಜಾಸ್ತಿ ಕುಡಿಯುವುದು ತಗ್ಗುತ್ತದೆ. 1200 ಹೋಸಿನ ಲೆಕ್ಕದಲ್ಲಿ ಒಟ್ಟು ಹರಿವು ಹಳೆಯದಕ್ಕಿಂತ ತುಸು ಕಡಿಮೆಯೇ ಬಂತು.

ಹೊಸ ಔಟ್‌ಲೆಟ್ ಕೊರೆಯುವ ಕೆಲಸ ರಾತ್ರಿ ಪಾಳಿಯಲ್ಲಿ ಮುಗಿಯಿತು. ಹಳೇ ತೂತುಗಳಿಗೆ ಪ್ಲಗ್ ಹೊಡೆದಾಯಿತು. ಸೀಲಿಂಗ್ ಮುಚ್ಚುವ ಮುಂಚೆ ಫಿಟ್ಟರ್ ಜೊತೆ ಟಾರ್ಚ್ ಹಿಡಿದು ಪ್ರತಿ ಹೋಸಿನ ಬಾಗು ಎಣಿಸಿದೆ. ಹನ್ನೊಂದು ಕಡೆ ನಾಲ್ಕನೇ ಬಾಗು ಸಿಕ್ಕಿತು. ಐದು ಕಡೆ ಬ್ರಾಕೆಟ್ ಆಚೆ ಸರಿಸಿದ್ದಕ್ಕೇ ಸರಿಹೋಯಿತು, ಆರು ಕಡೆ ಡಕ್ಟಿನವರ ಜೊತೆ ಜಗಳ ಆಡಬೇಕಾಯಿತು.

ಹೊಸ ಲೆಕ್ಕ ಕಳಿಸಿ ವಾರವಾಗಿದೆ. 700ರ ಹೋಸನ್ನೂ ಬೆಂಚಿಗೆ ಹಾಕಿ ನೋಡುವ ಆಸೆ ಇತ್ತು. ಅಷ್ಟರಲ್ಲಿ ಪಕ್ಕದ ಮೇಸ್ತ್ರಿ ಬಂದು, ಎರಡನೇ ಮಹಡಿಯ ಲೆವೆಲ್ ನೋಡಬೇಕು ಅಂತ ಟ್ಯೂಬ್ ತೆಗೆದುಕೊಂಡು ಹೋದರು. ನೀಲಿ ಬಣ್ಣ ಯಾಕೆ ಹಾಕಿದ್ರಿ ಅಂತ ಬೈದೂ ಹೋದರು.